ಕೈ ಇರುವ ಕುರ್ಚಿಗಳು

ತಮಿಳುನಾಡಿನ ತೇನಿಯ ಆಸ್ಪತ್ರೆಯೊಂದರಲ್ಲಿ ನರ್ಸುಗಳಿಗೆ ಪಾಠ ಮಾಡಲು ಹೋಗಿದ್ದೆ. ತುಂಬಾ ದಪ್ಪಗಿರುವ ರೋಗಿಗಳನ್ನು ಮರ್ಯಾದೆಯಿಂದ ನೋಡಿಕೊಳ್ಳುವುದು ಹೇಗೆ ಅನ್ನೋದೇ ಪಾಠ. ಅನುಭವ ಹೇಳಲೆಂದು ಅಂಥ ದಪ್ಪನೆಯ ಅಮ್ಮನೊಬ್ಬರನ್ನು ಕರೆಸಿದ್ದೆ; ಪಕ್ಕದ ಹನುಮಂತನಪಟ್ಟಿಯ ದ್ರಾಕ್ಷಿತೋಟದವರು, ನಮ್ಮ ಕನ್ನಡದವರೇ. ಪ್ರೊಜೆಕ್ಟರಿನಲ್ಲಿ ಸ್ಲೈಡು ಬದಲಿಸುತ್ತಾ ಒಂದು ಗಂಟೆ ಕೊರೆದೆ. ಅಷ್ಟೂ ಹೊತ್ತು ಅಮ್ಮ ಗೋಡೆಗೆ ಒರಗಿ ನಿಂತೇ ಇದ್ದರು. ಮೇಷ್ಟ್ರ ಮೇಲಿನ ಗೌರವ ಅಂದುಕೊಂಡು ನಾನು ಒಳಗೊಳಗೇ ಉಬ್ಬಿದೆ.

ಪಾಠ ಮುಗಿಸಿ ಕೇಳಿದೆ: "ಆಸ್ಪತ್ರೇಲಿ ನಿಮಗೆ ಯಾವಾಗ ಬೇಜಾರಾಯ್ತು, ಅಮ್ಮ?"

"ಈಗ್ಲೇ ತಂಬಿ. ಇಲ್ಲಿರೋ ಕುರ್ಚಿಗೆಲ್ಲ ಕೈ ಐತೆ. ನಾ ಹೆಂಗೆ ಅದ್ರೊಳಗೆ ಕೂತ್ಕಳ್ಳಲಿ?"

ನರ್ಸೊಬ್ಬಳು ಓಡಿಹೋಗಿ ವರಾಂಡದ ಬೆಂಚು ಎಳೆದು ತಂದಳು. ಅಮ್ಮ ಆರಾಮಾಗಿ ಕೂತು ಸೆರಗು ಸರಿಮಾಡಿಕೊಂಡರು.

"ಕಾಲ್ನೋವಲ್ಲಿ ಒಂದು ಮಾತೂ ಕಿವಿಗೆ ಬೀಳ್ಲಿಲ್ಲ. ಆ ಮರ್ಯಾದೆ ಪಾಠ ಮೊದ್ಲಿಂದ ಹೇಳು."

ನರ್ಸುಗಳು ನನ್ನತ್ತ ನೋಡಿದ ನೋಟದಲ್ಲಿ ಮರ್ಯಾದೆ ಒಂಚೂರೂ ಇರಲಿಲ್ಲ.