ಕೇಳಿದ ಹಾಗೆಯೇ ಬರೆದವರು

ಕಳೆದ ವಾರ ಡೊಂಬಿವಲಿ ಸ್ಟೇಶನ್ನಿನ ಹತ್ತಿರ ಒಂದು ಬಟ್ಟೆ ಅಂಗಡಿಗೆ ಬೆಂಕಿ ಬಿದ್ದಿತ್ತು. ಬೆಳಿಗ್ಗೆ ನಾನು ಆ ದಾರಿಯಲ್ಲಿ ಹೋಗುವಾಗ ಬೆಂಕಿ ಆರಿತ್ತು, ಯಾರಿಗೂ ಏನೂ ಆಗಿರಲಿಲ್ಲ. ಒದ್ದೆ ಬೂದಿಯ ವಾಸನೆ ಮಾತ್ರ ಬೀದಿಯಲ್ಲಿ ಉಳಿದಿತ್ತು. ಎದುರಿನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಹೆದರಿಕೆಯಿಂದಲ್ಲ... ಆ ವಾಸನೆ ನಮ್ಮ ಮೇಲಿನ ಮನೆಯ ಸರ್ವೇಯರ್ ಮಾಮನ ಅಂಗಿಯದ್ದು.

ಅವರು ಬೆಂಕಿ ವಿಮೆಯ ಸರ್ವೇಯರ್ ಆಗಿದ್ದರು. ಥಾಣೆಯಿಂದ ಬದಲಾಪುರದವರೆಗೆ ಎಲ್ಲಿ ಗೋದಾಮು, ಹೋಟೆಲು ಸುಟ್ಟರೂ ಹೋಗಿ ನೋಡಿ ವರದಿ ಬರೆಯುವುದು ಅವರ ಕೆಲಸ. ಸಂಜೆ ಅವರಿಗಿಂತ ಮೊದಲು ಆ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಮಾಮಿ ಮೇಲಿನಿಂದಲೇ ಕೂಗುತ್ತಿದ್ದರು, "ಸೀದಾ ಬಚ್ಚಲಿಗೆ ಹೋಗಿ! ಸೋಫಾ ಮುಟ್ಟಿದರೆ ನೋಡಿ!"

ಸ್ನಾನ ಮುಗಿಸಿ, ಚಹಾ ಕುಡಿದು ಅವರು ಕಾದಂಬರಿ ಬರೆಯಲು ಕೂರುತ್ತಿದ್ದರು. ನಿವೃತ್ತರಾಗುವ ಹೊತ್ತಿಗೆ ಮೂರು ಮುಗಿದಿದ್ದವು, ಒಂದೂ ಅಚ್ಚಾಗಿರಲಿಲ್ಲ. ನನಗೆ ಕನ್ನಡ ಟೈಪಿಂಗ್ ಬರುತ್ತಿದ್ದುದರಿಂದ ಅವರ ಕೈಬರಹವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದಾಯಿತು. ದುಃಖವಾಯಿತು, ಸಂತೋಷವಾಯಿತು ಎಂಬ ಮಾತು ಅವುಗಳಲ್ಲಿ ಎಲ್ಲಿಯೂ ಇರಲಿಲ್ಲ. ಮಸಿ ಗೋಡೆಯಲ್ಲಿ ಎಷ್ಟು ಎತ್ತರಕ್ಕೆ ಏರಿತ್ತು, ಹೋಟೆಲಿನ ಯಜಮಾನ ಸುಟ್ಟ ಕಪಾಟಿಗೂ ಮತ್ತೆ ಹೇಗೆ ಬೀಗ ಹಾಕಿದ... ಅಷ್ಟೇ ಇರುತ್ತಿತ್ತು.

ವರದಿಗೆ ಹೇಳಿಕೆ ತೆಗೆದುಕೊಳ್ಳುವಾಗ ಅವರದೊಂದು ಕ್ರಮವಿತ್ತು. ವಾಚ್‌ಮನ್ ಹಿಂದಿಯಲ್ಲಿ ಹೇಳಿದರೆ ಹಿಂದಿಯಲ್ಲೇ, ಯಜಮಾನ ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಬರೆದುಕೊಳ್ಳುತ್ತಿದ್ದರು. "ಹೇಳಿಕೆಯನ್ನು ನಾವು ಚಂದ ಮಾಡಿದರೆ ಅದು ಅವರದ್ದಾಗಿ ಉಳಿಯುವುದಿಲ್ಲ ಮಾರಾಯ್ತಿ" ಎನ್ನುತ್ತಿದ್ದರು. ಕಾದಂಬರಿಗೂ ಅದೇ ಕ್ರಮ.

ಮೂರನೆಯ ಕಾದಂಬರಿಯನ್ನು ಅಚ್ಚು ಹಾಕಲು ಬೆಂಗಳೂರಿನ ಒಬ್ಬ ಪ್ರಕಾಶಕರು ಒಪ್ಪಿದರು. ಡೊಂಬಿವಲಿಯ ಒಂದು ಹೋಟೆಲು ಸುಟ್ಟ ಮರುದಿನದ ಕಥೆ ಅದು. ಅದರಲ್ಲಿ ಮಗ ತಾಯಿಗೆ, "ಮಮ್ಮಿ, ತೂ ಪೆಹಲೇ ಚಾಯ್ ಪೀ. ಬಾಕಿ ಮೈ ದೇಖ್ತಾ ಹೂಂ" ಎನ್ನುತ್ತಾನೆ. ಪ್ರಕಾಶಕರದು ಒಂದೇ ಷರತ್ತು: ಮಗನ ಹಿಂದಿಯೆಲ್ಲ ಕನ್ನಡವಾಗಬೇಕು.

ಅಷ್ಟು ವರ್ಷ ಕಾದವರು. ಒಂದು ಭಾನುವಾರ ಬದಲಾಯಿಸಲು ಕುಳಿತೇಬಿಟ್ಟರು. ನಾನು ಟೈಪ್ ಮಾಡುತ್ತಿದ್ದೆ, ಅವರು ಗಟ್ಟಿಯಾಗಿ ಹೇಳುತ್ತಿದ್ದರು. "ಅಮ್ಮಾ, ನೀನು ಮೊದಲು ಚಹಾ ಕುಡಿ. ಉಳಿದದ್ದನ್ನು ನಾನು ನೋಡಿಕೊಳ್ಳುವೆನು."

ಅಡುಗೆಮನೆಯಿಂದ ಮಾಮಿ ಸೌಟು ಹಿಡಿದುಕೊಂಡೇ ಬಂದರು. "ಯಾರ್ರೀ ಅದು, ಯಕ್ಷಗಾನದ ರಾಜಕುಮಾರನಾ? ನಮ್ಮ ಮಗ ಯಾವತ್ತು ನನ್ನ ಹತ್ತಿರ ಹೀಗೆ ಮಾತಾಡಿದ್ದು?"

ಮಾಮ ನಕ್ಕರು. "ಅಳಿಸು. ಮೊದಲಿದ್ದ ಹಾಗೆಯೇ ಇರಲಿ" ಎಂದರು.

"ಮತ್ತೆ ಪುಸ್ತಕ?" ಎಂದು ಕೇಳಿದೆ.

"ಅಚ್ಚಾಗ್ತದೆ. ಇವರಲ್ಲದಿದ್ದರೆ ಇನ್ನೊಬ್ಬರು."

ಆ ಮಾತಿನಲ್ಲಿ ಜಂಬವಿರಲಿಲ್ಲ. ನಾಳೆ ಗಾಡಿ ಎಷ್ಟು ಹೊತ್ತಿಗೆ ಎಂದು ಹೇಳುವವರ ಹಾಗೆ ಹೇಳಿದ್ದರು. ಆದರೆ ಅಚ್ಚಾಗುವ ಮೊದಲೇ ಅವರು ತೀರಿಕೊಂಡರು.

ಈಚೆಗೆ, ನಾನು ಪ್ರತಿ ಕಳುಹಿಸಿದ್ದ ಇನ್ನೊಬ್ಬ ಪ್ರಕಾಶಕರು ಫೋನ್ ಮಾಡಿದರು. ಮೆಚ್ಚಿಕೊಂಡೇ ಮಾತಾಡಿದರು, ಕೊನೆಗೆ ಅದೇ ಷರತ್ತು. ಈ ಸಲ ಉತ್ತರ ಹೇಳಲು ಮಾಮ ಇರಲಿಲ್ಲ. ಬೆಂಕಿಯ ವಾಸನೆ ಬಡಿದ ಆ ಬೆಳಿಗ್ಗೆ, ಕುಳಿತಲ್ಲಿಂದ ಎದ್ದವಳು ಸೀದಾ ಕಾಮೋಠೆಗೆ ಹೋದೆ. ಮಾಮಿ ಈಗ ಮಗನ ಜೊತೆ ಅಲ್ಲಿದ್ದಾರೆ.

"ಅವನನ್ನೇ ಕೇಳು. ಮಾತು ಅವನದ್ದಲ್ವಾ?" ಎಂದರು ಮಾಮಿ.

ಮಗನಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅಪ್ಪ ಬರೆದ ಒಂದು ಪುಟವೂ ಅವನಿಗೆ ಗೊತ್ತಿರಲಿಲ್ಲ. ನನ್ನ ಫೋನಿನಲ್ಲಿದ್ದ ಪ್ರತಿಯಿಂದ ನಾನು ಗಟ್ಟಿಯಾಗಿ ಓದಿದೆ. ಅವನು ಮೊಬೈಲ್ ನೋಡುತ್ತಲೇ ಕೇಳುತ್ತಿದ್ದ. ಚಹಾದ ಆ ಸಾಲು ಬಂದಾಗ ಮೊಬೈಲ್ ಕೆಳಗಿಟ್ಟ.

"ರುಕೋ ದೀದಿ. ಯೇ ತೋ ಮೈನೇ ಬೋಲಾ ಥಾ. ನಾನಿ ಗಯೀ, ಉಸ್ ದಿನ್."

ಅಜ್ಜಿ ತೀರಿದ ದಿನ ಅವನು ತಾಯಿಗೆ ಹೇಳಿದ್ದ ಮಾತಂತೆ ಅದು. ನನಗೆ ಗೊತ್ತಿರಲಿಲ್ಲ. ಅವನು ತಾಯಿಯ ಕಡೆ ತಿರುಗಿ ಮೆಲ್ಲಗೆ ಕೇಳಿದ, "ಪಪ್ಪಾ ಸುನ್ ರಹೇ ಥೇ?"

"ಎಲ್ಲ ಕೇಳ್ತಿದ್ದರು" ಎಂದರು ಮಾಮಿ. "ಪೇಪರ್ ಅಡ್ಡ ಹಿಡ್ಕೊಂಡು."

ಅವನು ಆ ಸಾಲನ್ನು ನನ್ನಿಂದ ಇನ್ನೊಮ್ಮೆ ಓದಿಸಿದ. ಆಮೇಲೆ "ಬದಲ್ನಾ ಮತ್" ಎಂದ.

ಬದಲಾಯಿಸುವುದಿಲ್ಲ ಎಂದು ಪ್ರಕಾಶಕರಿಗೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಪುಸ್ತಕ ಅಚ್ಚಾಗುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಮುಂದಿನ ಅಧ್ಯಾಯ ಓದಲು ಯಾವಾಗ ಬರುತ್ತೀ ಎಂದು ನಿನ್ನೆ ಮಾಮಿಯ ಮಗನ ಫೋನ್ ಬಂದಿತ್ತು. ಮಾಮನಿಗೆ ಹೇಳೋಣವೆಂದರೆ ಮೇಲಿನ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ...