ಮೂಗಣ್ಣನ ಕುರ್ಚಿ

ನನ್ನ ಭಾವ ಚಪ್ಪಲಿ ಅಂಗಡಿಯ ಸೇಲ್ಸ್‌ಮನ್. ಬೆಳಗಿನಿಂದ ಸಂಜೆಯವರೆಗೆ ಗಿಡ್ಡ ಸ್ಟೂಲಿನ ಮೇಲೆ ಕೂತು, ಕಂಡವರ ಕಾಲು ಹಿಡಿದು, ಹೆಬ್ಬೆರಳು ಒತ್ತುತ್ತದೆಯೇ, ಹಿಮ್ಮಡಿ ಸಡಿಲವೇ ಎಂದು ವಿಚಾರಿಸುವುದು ಅವರ ಉದ್ಯೋಗ. ಹತ್ತಾರು ಜೊತೆ ಹಾಕಿಸಿಕೊಂಡು ನೋಡಿ, ಆಮೇಲೆ ಬರುತ್ತೇವೆಂದು ಎದ್ದುಹೋಗುವ ಗಿರಾಕಿಗೂ ಹಲ್ಲು ಕಿರಿಯುತ್ತಾ ಬಾಗಿಲು ತೆರೆಯಬೇಕು. ಇಂಥ ಮನುಷ್ಯನಿಗೆ ಊರಿನ ಒಂದೇ ಒಂದು ತಾರಸಿಯ ಮೇಲೆ ರಾಜಮರ್ಯಾದೆ ಸಿಗುತ್ತಿತ್ತು.

ಆ ತಾರಸಿ ಡ್ರೈವಿಂಗ್ ಶಾಲೆಯ ಮೇಷ್ಟರದು. ಶನಿವಾರ ಸಂಜೆ ಅಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರ ಮಂಡಳಿ ಸೇರುತ್ತಿತ್ತು. ಮಂಡಳಿ ಎಂದರೆ ಭಾರೀ ಏನೂ ಅಲ್ಲ, ಮೇಷ್ಟ್ರು, ಒಬ್ಬ ಬ್ಯಾಂಕ್ ಕ್ಯಾಷಿಯರ್, ಒಬ್ಬ ಹಲ್ಲಿನ ಡಾಕ್ಟರ್, ನನ್ನ ಭಾವ, ಅಷ್ಟೇ. ಮೇಷ್ಟರಿಗೆ ಹಾಪ್ಸ್ ಹೂವನ್ನು ಕೈತುಂಬ ಸುರಿದು ಮಾಡಿದ ಕಹಿ ಬಿಯರ್ ಒಂದೇ ಬಿಯರ್. ಕುಡಿದವನ ಮುಖ ಕಿವುಚಿದಷ್ಟೂ ಅವರಿಗೆ ತೃಪ್ತಿ. ಕ್ಯಾಷಿಯರ್ ಕಪ್ಪು ಬಿಯರಿನ ಪರಮಭಕ್ತ. ಬಾರ್ಲಿಯನ್ನು ಕರ್ರಗೆ ಹುರಿಯದವನು ಅವನ ಪ್ರಕಾರ ಮನುಷ್ಯನೇ ಅಲ್ಲ. ಡಾಕ್ಟರಿಗೆ ಗೋಧಿ ಬಿಯರ್ ಆಗಬೇಕು, ಅದರಲ್ಲಿ ಯೀಸ್ಟ್ ಬಿಡುವ ಲವಂಗದ ಪರಿಮಳ ಆಗಬೇಕು. ಹಲ್ಲಿನ ಡಾಕ್ಟರಿಗೆ ಲವಂಗದ ಮೇಲೆ ಪ್ರೀತಿ ಇರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಯಾವುದು ಮೇಲು ಎಂದು ಈ ಮೂವರು ಕಿತ್ತಾಡುವ ಪರಿ ನೋಡಿದರೆ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳಲು ಕೂತಿದ್ದಾರೇನೋ ಅನ್ನಿಸುತ್ತಿತ್ತು.

ನ್ಯಾಯ ತೀರಿಸುತ್ತಿದ್ದವರು ಭಾವ. ಗ್ಲಾಸನ್ನು ಮೂಗಿನ ಕೆಳಗೆ ಒಮ್ಮೆ ಆಡಿಸಿ, ಕಣ್ಣು ಮುಚ್ಚಿ, ಇದನ್ನು ಕುದಿಸುವಾಗ ಮುಚ್ಚಳ ಹಾಕಿದ್ದೀರಿ, ಅದಕ್ಕೇ ಬೆಂದ ಜೋಳದ ವಾಸನೆ ಎಂದು ಹೇಳಿಬಿಡುತ್ತಿದ್ದರು. ಡಾಕ್ಟರ್ ಮುಖ ಹುಳ್ಳಗಾಗುತ್ತಿತ್ತು, ಏಕೆಂದರೆ ಮುಚ್ಚಳ ಹಾಕಿದ್ದು ನಿಜ. ಹೀಗೆ ಭಾವನಿಗೆ ಮೂಗಣ್ಣ ಎಂಬ ಬಿರುದು ಬಂತು. ಮೇಷ್ಟರ ಮನೆಯ ದಿಂಬಿನ ಕುರ್ಚಿ ಅವರಿಗೇ ಮೀಸಲು. ಅವರು ಮೆಟ್ಟಿಲು ಹತ್ತಿ ಬಂದರೆ ಸ್ವತಃ ಮೇಷ್ಟ್ರು ಎದ್ದು ನಿಲ್ಲುತ್ತಿದ್ದರು. ದಿನವಿಡೀ ಪರರ ಪಾದದ ಬಳಿ ಕೂರುವವನಿಗೆ ಇದು ಎಂಥ ಸುಖವೋ, ನನ್ನಂಥ ಚಹಾ ಕುಡಿಯುವವನಿಗೆ ಅರ್ಥವಾಗುವುದು ಕಷ್ಟ.

ಹೀಗಿರುವಾಗ ಭಾವನಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ವಾಸನೆಯ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಅಂಗಡಿಯಲ್ಲಿ ಇದರಿಂದ ಲಾಭವೇ ಆಯಿತೆನ್ನಬೇಕು, ಗಿರಾಕಿಗಳ ಕಾಲುಚೀಲಕ್ಕೆ ಇನ್ನು ಹೆದರಬೇಕಾಗಿರಲಿಲ್ಲ. ಆದರೆ ಭಾವ ಈ ವಿಷಯವನ್ನು ಮನೆಯಲ್ಲೂ ಬಾಯಿಬಿಡಲಿಲ್ಲ. ಒಂದು ದಿನ ಒಲೆಯ ಮೇಲೆ ಹಾಲು ಸೀದು, ಕಮರು ವಾಸನೆ ಹಿತ್ತಿಲಿನಲ್ಲಿದ್ದ ನನ್ನ ಅಕ್ಕನವರೆಗೂ ಹೋದಾಗ, ಒಲೆಯಿಂದ ಎರಡು ಮಾರು ದೂರದಲ್ಲಿ ಕೂತಿದ್ದ ಇವರು ನಿಶ್ಚಿಂತೆಯಿಂದ ಪೇಪರ್ ಓದುತ್ತಿದ್ದರು. ಅಕ್ಕ ಪಾತ್ರೆಯನ್ನು ತಂದು ಮೂಗಿಗೇ ಹಿಡಿದಳು. ಭಾವ ಅತ್ತುಬಿಟ್ಟರು.

"ಕುರ್ಚಿ ಹೋಗತ್ತೆ ಕಣೇ," ಅಂದರಂತೆ.

ಹೆಂಡತಿಯ ಕೈಯಡುಗೆಯ ಘಮ ಹೋಯಿತೆಂದು ಅಳಲಿಲ್ಲ, ಕುರ್ಚಿಗಾಗಿ ಅತ್ತರು. ಕೇಳಿ ನನಗೆ ಮೈ ಉರಿದುಹೋಯಿತು. ಅಕ್ಕನಿಗೆ ಮಾತ್ರ ಉರಿಯಲಿಲ್ಲ. ಅವಳು ಉಪಾಯ ಹುಡುಕಿದಳು. ರುಚಿ ನೋಡಬೇಕಾದ ಬಾಟಲಿ ಹಿಂದಿನ ದಿನವೇ ಮೂಗಣ್ಣನ ಮನೆಗೆ ಬಂದು ವಿಶ್ರಾಂತಿ ಪಡೆಯಬೇಕು ಎಂಬ ಹೊಸ ನಿಯಮ ಜಾರಿಗೆ ಬಂತು. ಮಂಡಳಿ ಇದನ್ನು ಮಹಾ ವಿಜ್ಞಾನವೆಂದು ತಲೆಯ ಮೇಲಿಟ್ಟುಕೊಂಡಿತು. ಪ್ರತಿಯೊಬ್ಬರೂ ಎರಡೆರಡು ಬಾಟಲಿ ತಂದುಕೊಡುತ್ತಿದ್ದರು. ಒಂದನ್ನು ಅಕ್ಕ ಅಡುಗೆಮನೆಯಲ್ಲಿ ತೆರೆದು, ಮೂಸಿ, ಮುಖ ತಿರುಗಿಸಿ, ಅನಿಸಿದ್ದನ್ನು ಹೇಳುತ್ತಿದ್ದಳು. ಮಳೆಗೆ ನೆನೆದ ಚಪ್ಪಲಿ ಡಬ್ಬದ ಹಾಗಿದೆ ಎಂದು ಅವಳೆಂದರೆ, ಬಾಟಲಿಗೆ ತುಂಬುವಾಗ ಗಾಳಿ ಸೇರಿದೆ ಎಂದು ಭಾವನಿಗೆ ಗೊತ್ತಾಗುತ್ತಿತ್ತು. ಹಸಿ ಸೇಬಿನ ಹಾಗೆ ಎಂದರೆ, ಯೀಸ್ಟ್ ಕೆಲಸ ಮುಗಿಸುವ ಮೊದಲೇ ಅವಸರ ಮಾಡಿದ್ದಾರೆ ಎಂದು. ಮೂಸುವವಳಿಗೆ ಕಾರಣ ತಿಳಿಯದು, ಕಾರಣ ತಿಳಿದವರಿಗೆ ಮೂಗಿಲ್ಲ. ಸಂಸಾರ ಮಾತ್ರ ಸುಸೂತ್ರವಾಗಿ ನಡೆಯಿತು. ಭಾವನ ಬಾಯಿಂದ ಬಂದ ಅಕ್ಕನ ಮಾತುಗಳು ಮಂಡಳಿಗೆ ಎಷ್ಟು ಹಿಡಿಸಿದವೆಂದರೆ, ಮುಂದೆ ಕ್ಯಾಷಿಯರ್ ಕೂಡ ಗ್ಲಾಸು ಮೂಸಿ, ಸ್ವಲ್ಪ ಒದ್ದೆ ಗೋಣಿಚೀಲ ಬರುತ್ತಿದೆಯಲ್ಲವೇ ಎಂದು ಗಂಭೀರವಾಗಿ ಕೇಳುವಂತಾದ.

ಆಮೇಲೆ ಪೇಟೆಯ ದೊಡ್ಡ ಬಿಯರ್ ಅಂಗಡಿಯ ಮಾಲೀಕ ಒಂದು ಸ್ಪರ್ಧೆ ಇಟ್ಟ. ಗೆದ್ದವರ ಬಿಯರನ್ನು ಅವನ ದೊಡ್ಡ ಹಂಡೆಗಳಲ್ಲಿ ತಯಾರಿಸಿ, ಅವರದೇ ಹೆಸರಿನಲ್ಲಿ ಮಾರುವುದಂತೆ. ಮೇಷ್ಟ್ರು ಸ್ಪರ್ಧೆಗೆ ಮೊದಲೇ ಲೇಬಲ್ ಅಚ್ಚು ಹಾಕಿಸಿಕೊಂಡು ಬಂದರು. ತೀರ್ಪು ಕೊಡಲು ಮೂಗಣ್ಣನೇ ಬೇಕೆಂದು ಮಂಡಳಿ ಪಟ್ಟು ಹಿಡಿಯಿತು. ಅಲ್ಲಿ ಬಾಟಲಿಗಳು ವಿಶ್ರಾಂತಿಗೆ ಬರುವಂತಿರಲಿಲ್ಲ, ಎಲ್ಲ ಸಭೆಯ ಎದುರೇ ತೆರೆಯಬೇಕು. ಹೊಟ್ಟೆನೋವೆಂದು ಮಲಗಿಬಿಡಿ ಎಂದು ಅಕ್ಕ ಹೇಳಿದಳು, ನಾನೂ ಹೇಳಿದೆ. ಸಭೆಯ ನಡುಮಧ್ಯದಲ್ಲಿ ಕುರ್ಚಿ ಹಾಕುತ್ತಾರಂತೆ ಎಂದು ಭಾವ ಎರಡು ಸಲ ಅಂದರು. ಆಮೇಲೆ ಅವರ ಜೊತೆ ವಾದಿಸಿ ಪ್ರಯೋಜನವಿರಲಿಲ್ಲ. ಕೊನೆಗೆ ಅಕ್ಕನೇ ಗ್ಲಾಸುಗಳನ್ನು ತಂದುಕೊಡುವ ಕೆಲಸಕ್ಕೆ ನಿಲ್ಲುವುದು, ದಾರಿಯಲ್ಲಿ ಮೂಸಿ, ಮೇಜಿನ ಮೇಲಿಡುವಾಗ ಪಿಸುಗುಡುವುದು ಎಂದು ತೀರ್ಮಾನವಾಯಿತು.

ಆ ದಿನ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿ ಹೋದರು. ಮಾಲೀಕ ಅವರನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ. ಅಕ್ಕ ಸಭಾಂಗಣದ ಆ ತುದಿಯಿಂದ ಈ ತುದಿಗೆ ಗ್ಲಾಸು ಹೊತ್ತು ಓಡಾಡಿದಳು. ಬೆಣ್ಣೆ ಎಂದು ಅವಳು ಪಿಸುಗುಟ್ಟಿದರೆ ಭಾವ ಬೆಣ್ಣೆಯ ಮೇಲೆ ಭಾಷಣ ಮಾಡುತ್ತಿದ್ದರು, ಜನ ಚಪ್ಪಾಳೆ ತಟ್ಟುತ್ತಿದ್ದರು. ಕೂರಲು ಅವಳಿಗೆ ಒಂದು ಸ್ಟೂಲೂ ಇರಲಿಲ್ಲ. ಅವಳ ಕೈಯ ಊಟ ಎಷ್ಟೋ ಸಲ ಉಂಡಿದ್ದ ಮೇಷ್ಟ್ರು, ಸ್ವಲ್ಪ ಬೇಗ ಬೇಗ ಎಂದು ಕೈಬೀಸಿದರು. ಕಾಲು ನೋವು ತಡೆಯಲಾಗದೆ ಅಕ್ಕ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದುದು ನನಗೆ ಗೋಡೆಯ ಬಳಿಯಿಂದ ಕಾಣುತ್ತಿತ್ತು.

ಮೇಷ್ಟರ ಗ್ಲಾಸು ಬರುವಾಗ ಮಾಲೀಕ ಅವಳನ್ನು ತಡೆದ.

"ಅಮ್ಮಾ, ಗ್ಲಾಸಿನ ಹತ್ರ ಮೂಗು ತರಬೇಡಿ. ಅದು ಅವರಿಗೆ. ನೀವು ತಂದಿಟ್ಟು ಟೇಬಲ್ ಒರೆಸಿ, ಸಾಕು."

ಅವನು ಒಂದು ಬಟ್ಟೆಯನ್ನೂ ಕೈಗೆ ಕೊಟ್ಟ. ಯಾರೋ ನಕ್ಕರು. ಅಕ್ಕ ಗ್ಲಾಸನ್ನು ಗಂಡನ ಮುಂದಿಟ್ಟು, ಏನನ್ನೂ ಪಿಸುಗುಡದೆ, ಬಗ್ಗಿ ಮೇಜು ಒರೆಸತೊಡಗಿದಳು. ಭಾವ ಅವಳ ಕೈಯಲ್ಲಿದ್ದ ಬಟ್ಟೆಯನ್ನೇ ನೋಡುತ್ತಾ ಕೂತರು. ಚೆನ್ನಾಗಿದೆ ಎಂದು ಒಂದು ಮಾತು ಬಿಸಾಕಿದ್ದರೆ ಮೇಷ್ಟ್ರು ಗೆಲ್ಲುತ್ತಿದ್ದರು, ಕುರ್ಚಿಯೂ ಉಳಿಯುತ್ತಿತ್ತು. ಅಷ್ಟು ಸುಲಭವಿತ್ತು.

ಭಾವ ಎದ್ದು ನಿಂತರು. ಕೂತುಕೊಳ್ಳಿ ಎಂದು ಅಕ್ಕ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಅವರು ಕುರ್ಚಿಯನ್ನು ಎಳೆದು ಅವಳ ಹತ್ತಿರಕ್ಕೆ ಸರಿಸಿದರು.

"ಜ್ವರ ಬಂದ ಮೇಲೆ ನನಗೆ ಯಾವ ವಾಸನೆನೂ ಗೊತ್ತಾಗಲ್ಲ," ಅಂದರು. "ಇಲ್ಲಿವರೆಗೆ ನೀವು ಚಪ್ಪಾಳೆ ಹೊಡೆದಿದ್ದು ಇವಳ ಮೂಗಿಗೆ. ಇವಳು ನನ್ನ ಹೆಂಡತಿ. ಇವಳು ಕೂತ್ಕೊಳ್ಳಲಿ."

ಭಾವನನ್ನು ಜೀವಮಾನವಿಡೀ ಗೇಲಿ ಮಾಡಿದವನು ನಾನು. ಅವತ್ತು ಗೇಲಿ ಮಾಡಲು ಮನಸ್ಸಾಗಲಿಲ್ಲ. ಮಾಲೀಕನಿಗೆ ಕಾರ್ಯಕ್ರಮ ಮುಗಿದರೆ ಸಾಕಿತ್ತು, ಅಕ್ಕನಿಗೆ ಕಾಲು ನೋಯುತ್ತಿತ್ತು, ಹೀಗಾಗಿ ಅವಳು ಕೂತಳು. ಮೇಷ್ಟರ ಗ್ಲಾಸು ಮೂಸಿ, ನೆಲ ಒರೆಸಿ ಮೂಲೆಯಲ್ಲಿ ಮುದ್ದೆ ಮಾಡಿಟ್ಟ ಬಟ್ಟೆಯ ವಾಸನೆ ಎಂದಳು. ಏಕೆ ಹಾಗಾಯಿತೆಂದು ಯಾರೋ ಕೇಳಿದಾಗ, ಕಾರಣ ಅವರನ್ನು ಕೇಳಿ ಎಂದು ಗಂಡನ ಕಡೆ ಕೈ ತೋರಿಸಿದಳು. ಅವರನ್ನು ಯಾರೂ ಕೇಳಲಿಲ್ಲ. ಮೇಷ್ಟರ ಲೇಬಲ್ಲುಗಳು ಕಟ್ಟಿನಲ್ಲೇ ಉಳಿದವು. ಹೊರಗೆ ಬರುವಷ್ಟರಲ್ಲಿ ಎಲ್ಲರಿಗೂ ಮೊದಲಿನಿಂದಲೇ ಅನುಮಾನವಿತ್ತಂತೆ, ಕ್ಯಾಷಿಯರಿಗಂತೂ ಎಲ್ಲರಿಗಿಂತ ಜಾಸ್ತಿ.

ಶನಿವಾರಗಳು ಬಂದವು, ಹೋದವು. ಕರೆ ಬರಲಿಲ್ಲ. ಭಾವ ಸಂಜೆಯಾದರೆ ಅಂಗಿ ಬದಲಿಸಿ, ಮತ್ತೆ ಹಳೆಯದನ್ನೇ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದರು. ಅಲ್ಲಿ ಮಂಡಳಿಯಲ್ಲಿ ಕ್ಯಾಷಿಯರ್ ಹೊಸ ಮೂಗಾಗಿದ್ದನಂತೆ. ಅವನ ಆಳ್ವಿಕೆಯಲ್ಲಿ ಎಲ್ಲರ ಬಿಯರೂ ಅದ್ಭುತವಾಯಿತು, ಕುಡಿಯಲು ಮಾತ್ರ ಆಗುತ್ತಿರಲಿಲ್ಲ.

ಕೊನೆಗೆ ಮೇಷ್ಟ್ರು ಮನೆ ಬಾಗಿಲಿಗೆ ಬಂದರು. ನಾನು ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದೆ. ಶನಿವಾರ ತಾವು ದಯಮಾಡಿಸಬೇಕು, ದಿಂಬಿನ ಕುರ್ಚಿ ತಮಗೇ ಎಂದು ಅಕ್ಕನಿಗೆ ನಡುಬಗ್ಗಿಸಿ ಹೇಳಿದರು. ಮೂಗಣ್ಣ ಪಾಪ ದಣಿದಿದ್ದಾರೆ, ಅವರು ಮನೆಯಲ್ಲೇ ಆರಾಮಾಗಿರಲಿ ಎಂದೂ ಸೇರಿಸಿದರು. ಭಾವ ಒಳಗೆ ಮಂಡಳಿಯವರು ಬಿಟ್ಟುಹೋಗಿದ್ದ ಖಾಲಿ ಬಾಟಲಿ ತೊಳೆಯುತ್ತಿದ್ದರು. ನೀರಿನ ಸದ್ದು ನಿಂತಿತು.

"ಅವರಿಗೆ ಕುರ್ಚಿ ಇಲ್ಲದ ಕಡೆ ನನ್ನ ಮೂಗೂ ಬರಲ್ಲ," ಅಂದಳು ಅಕ್ಕ.

ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಹೋದರು. ಯಾರು ಬಂದಿದ್ದು ಎಂದು ಭಾವ ಒಳಗಿನಿಂದ ಕೇಳಿದರು. ಯಾರೋ ವಿಳಾಸ ತಪ್ಪಿ ಬಂದಿದ್ದರು ಎಂದು ಅಕ್ಕ ಹೇಳಿದಳು. ಭಾವ ಬಾಟಲಿಗಳನ್ನು ಬಿಟ್ಟು ಬಂದು ಅವಳ ಪಕ್ಕ ಬಾಗಿಲಲ್ಲಿ ನಿಂತರು. ಹೋಗಿದ್ದು ಅವರ ಮೂಗು, ಕಿವಿಗೆ ಏನೂ ಆಗಿರಲಿಲ್ಲ.