ನೂಲು ಅಂಟಿಸಿದ ಗೆರೆಗಳು

ಬಂದರಿನ ಗೋಡೆಗೆ ಇವತ್ತು ಯಾರೋ ಪೋಸ್ಟರ್ ಅಂಟಿಸುತ್ತಿದ್ದರು. ಬೇಯಿಸಿದ ಮೈದಾದ ವಾಸನೆ ಮೂಗಿಗೆ ಬಡಿದದ್ದೇ ತಡ, ಶಾಲೆಯ ಪರೀಕ್ಷೆಯ ದಿನ ನೆನಪಾಯಿತು.

ಮೂರನೇ ಕ್ಲಾಸಿನಲ್ಲಿ ನನಗೆ ಬೋರ್ಡು ಚೆನ್ನಾಗಿ ಕಾಣುತ್ತಿತ್ತು, ಓದಲೂ ಬರುತ್ತಿತ್ತು. ನೋಡಿ ಬರೆಯಲು ಹೋದರೆ ಮಾತ್ರ ಕೈ ಗೆರೆ ಬಿಟ್ಟು ಎಲ್ಲೆಲ್ಲೋ ಓಡುತ್ತಿತ್ತು. ಲಿಲ್ಲಿ ಟೀಚರ್ ಹೊಡೆಯಲಿಲ್ಲ. ಬೀಡಿ ಕಟ್ಟುತ್ತಿದ್ದ ನನ್ನ ಅಮ್ಮನನ್ನು ಕರೆಸಿದರು.

"ನಿಮ್ಮಲ್ಲಿ ಬೀಡಿಯ ನೂಲು ಉಂಟಲ್ಲ? ಗೆರೆಯ ಮೇಲೆ ಅಂಟಿಸಿ ಕೊಡಿ. ಪೆನ್ಸಿಲ್ ತಾಗಿ ನಿಲ್ಲುತ್ತದೆ."

ಅಮ್ಮ ಮೈದಾ ಬೇಯಿಸಿ ಪುಟಪುಟಕ್ಕೂ ನೂಲು ಅಂಟಿಸಿದಳು. ನನ್ನ ಅಕ್ಷರಗಳು ಮೊದಲ ಸಲ ಸಾಲಾಗಿ ಕೂತವು.

ಆದರೆ ದೊಡ್ಡ ಪರೀಕ್ಷೆಗೆ ಶಾಲೆ ಕೊಟ್ಟ ಹಾಳೆಯಲ್ಲೇ ಬರೆಯಬೇಕು. ಟೀಚರ್ ನೂಲಿನ ಹಾಳೆ ಹಿಡಿದು ಹೆಡ್‌ಮಾಸ್ಟರರನ್ನು ಬೇಡಿಕೊಂಡರು.

"ಇವಳಿಗೆ ನೂಲು, ನಾಳೆ ಇನ್ನೊಬ್ಬನಿಗೆ ಹಗ್ಗವಾ? ಎಂತ ಟೀಚರೇ, ಇದು ಶಾಲೆಯಾ, ಕಟ್ಟಿದ ಬೀಡಿ ಕೊಡುವ ಬ್ರಾಂಚಾ?" ಎಂದು ಅವರು ನಕ್ಕರು.

ಉತ್ತರ ಎಲ್ಲ ಗೊತ್ತಿತ್ತು. ಬರೆದದ್ದನ್ನು ನನಗೇ ಓದಲಾಗಲಿಲ್ಲ. ಅದೇ ಕ್ಲಾಸಿನಲ್ಲಿ ಎರಡು ಸಲ ಫೇಲಾದೆ. "ಶಾಲೆ ಸಾಕು ಮಗಾ," ಎಂದಳು ಅಮ್ಮ, ನನ್ನ ಮುಖ ನೋಡದೆ. ಬೀಡಿ ಕಟ್ಟಲಿಕ್ಕೂ ಕೈ ಒಗ್ಗಲಿಲ್ಲ. ಅವಳಿಗೆ ಎಲೆ ಒದ್ದೆ ಮಾಡಿಕೊಡುತ್ತಾ ಕೂತೆ.

ಇದನ್ನೂ ಫೋನಿಗೆ ಬಾಯಲ್ಲಿ ಹೇಳಿಯೇ ಬರೆಸುತ್ತಿದ್ದೇನೆ. ಮೊಮ್ಮಗಳ ಅಕ್ಷರವೂ ಗೆರೆಯಲ್ಲಿ ನಿಲ್ಲುವುದಿಲ್ಲವಂತೆ, ನಾಳೆ ನನ್ನನ್ನು ಶಾಲೆಗೆ ಬರಹೇಳಿದ್ದಾರೆ. ಅಲ್ಲಿರುವವರು ಕೇಳಿಸಿಕೊಳ್ಳುವವರಾ, ನಗುವವರಾ ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ.